ನಾಳೆ ಜಪಾನಿನ ಹಿಮೇಜಿ ಕೋಟೆಗೆ ಬರುವವರ ಗಮನಕ್ಕೆ

ನಮಸ್ಕಾರ. ಬೆಳಿಗ್ಗೆ 8:30ಕ್ಕೆ ಹಿಮೇಜಿ ಸ್ಟೇಷನ್ನಿನ ಉತ್ತರ ಬಾಗಿಲಲ್ಲಿ ಸೇರೋಣ. ಅಲ್ಲಿಂದ ಕೋಟೆಗೆ ಸುಮಾರು ಒಂದು ಕಿಲೋಮೀಟರ್ ನಡಿಗೆ.

ಗೋಪುರ ಕಣ್ಣೆದುರೇ ಕಂಡರೂ ದಾರಿ ಸುತ್ತಿಸುತ್ತಲೇ ಇರುತ್ತದೆ. ಬೇಕಂತಲೇ ಹಾಗೆ ಕಟ್ಟಿದ್ದಾರೆ. ನುಗ್ಗಿದ ಶತ್ರು ತಿರುವಿನಲ್ಲಿ ತಡವರಿಸುವಾಗ ಗೋಡೆಯ ಕಿಂಡಿಗಳಿಂದ ಹೊಡೆಯಬಹುದು, ಅಲ್ವಾ? ಉದ್ದ ಕಿಂಡಿ ಬಾಣಕ್ಕೆ. ದುಂಡು, ಮುಕ್ಕೋನ, ಚೌಕದವು ಬಂದೂಕಿಗೆ. ಕಲ್ಲು ಬೀಳಿಸುವ ಸಂದುಗಳೂ ಇವೆ, ಮೇಲೆ ನೋಡುವುದನ್ನು ಮರೆಯಬೇಡಿ.

ಕೋಟೆಯ ಆಗಿನ ಒಡೆಯ ಇಕೆದಾ ತೆರುಮಾಸಾ 1609ರಲ್ಲಿ ಮುಗಿಸಿದ ಈ ಗೋಪುರ ಹೊರಗಿನಿಂದ 5 ಅಂತಸ್ತು ಕಾಣುತ್ತದೆ. ಒಳಗೆ 6, ಜೊತೆಗೆ ನೆಲಮಾಳಿಗೆ! ತಮಾಷೆ ಅಂದ್ರೆ, ಇಷ್ಟೆಲ್ಲ ಮಾಡಿದ ಮೇಲೆ ಇಲ್ಲಿ ದೊಡ್ಡ ಯುದ್ಧವೇ ನಡೆಯಲಿಲ್ಲ.

ಒಳಗೆ ಶೂ ಬಿಚ್ಚಬೇಕು. ಮೆಟ್ಟಿಲು ಕಡಿದಾಗಿವೆ, ಸಾಕ್ಸ್ ಜಾರುತ್ತದೆ, ಹುಷಾರು.