ಪ್ರೀತಿಗೂ ಪಾಠ ಬೇಕು

ಮಾನ್ಯರೆ,

ಬೌದ್ಧಿಕ ಅಂಗವೈಕಲ್ಯವಿರುವ ಯುವಕ ಯುವತಿಯರಲ್ಲಿ ಪ್ರೇಮಾಕರ್ಷಣೆ ಕಂಡೊಡನೆ ಅದನ್ನು ವರ್ತನೆಯ ದೋಷವೆಂದು ಬಗೆದು ಇಬ್ಬರನ್ನೂ ದೂರವಿಡುವ ಪದ್ಧತಿ ಸರಿಯಲ್ಲ. ಕಲಿಕೆ ನಿಧಾನವಾದರೂ ಹರೆಯ ಬಹುಪಾಲು ಎಲ್ಲರಂತೆಯೇ ಬರುತ್ತದೆ. ‘ಮಾನಸಿಕ ವಯಸ್ಸು 7’ ಎಂದು ವರದಿಯಲ್ಲಿ ಬರೆದ ಮಾತ್ರಕ್ಕೆ 25ರ ವ್ಯಕ್ತಿ ಮಗುವಾಗುವುದಿಲ್ಲ.

ನಿಷೇಧದಿಂದ ಆಗುವ ಹಾನಿಯೇ ಹೆಚ್ಚು. ‘ಯಾರನ್ನೂ ಮುಟ್ಟಬೇಡ’ ಎಂದಷ್ಟೇ ಕಲಿತವರಿಗೆ, ಬೇರೆಯವರು ತಮ್ಮನ್ನು ಮುಟ್ಟಿದಾಗ ದೂರಲು ಪದಗಳೇ ಇರುವುದಿಲ್ಲ. ತಪ್ಪು ತಮ್ಮದೇ ಎಂದುಕೊಂಡು ಮುಚ್ಚಿಡುತ್ತಾರೆ. ಅಂಗಾಂಗಗಳ ಸರಿಯಾದ ಹೆಸರು, ಖಾಸಗಿ ಜಾಗ ಯಾವುದು, ಯಾರು ಎಷ್ಟು ಹತ್ತಿರದವರು ಎಂದು ತೋರಿಸುವ, ಮನೆಯವರು, ಗೆಳೆಯರು, ಪರಿಚಿತರು, ಅಪರಿಚಿತರು ಎಂಬ ವೃತ್ತಗಳ ಚಿತ್ರ, ಇವನ್ನು ಹರೆಯಕ್ಕೆ ಮೊದಲೇ, ಒಂದು ಸಲಕ್ಕೆ ಒಂದೇ ವಿಷಯದಂತೆ, ಅಭಿನಯದ ಮೂಲಕ ಮತ್ತೆ ಮತ್ತೆ ಕಲಿಸಬೇಕು. ‘ಬೇಡ’ ಎನ್ನುವುದಷ್ಟೇ ಅಲ್ಲ, ‘ಬೇಡ’ ಎನಿಸಿಕೊಂಡಾಗ ಹಿಂದೆ ಸರಿಯುವುದೂ ಅಭ್ಯಾಸವಾಗಬೇಕು (ಉಳಿದವರೂ ಇದನ್ನು ಕಲಿತರೆ ಒಳ್ಳೆಯದೇ). ಒಪ್ಪಿಗೆ ತಿಳಿಯಲು ‘ಅವನು ನಿನಗೆ ಇಷ್ಟವೇ?’ ಎಂದು ಒಮ್ಮೆ ಕೇಳಿದರೆ ಸಾಲದು. ಕೇಳಿದವರನ್ನು ಮೆಚ್ಚಿಸಲು ಹಲವರು ‘ಹೌದು’ ಎಂದುಬಿಡುತ್ತಾರೆ. ‘ಅವನು ನಿನಗೆ ಇಷ್ಟವಿಲ್ಲವೇ?’ ಎಂದು ಪ್ರಶ್ನೆಯನ್ನು ತಿರುಗಿಸಿ, ಆಯ್ಕೆಯ ಚಿತ್ರಗಳನ್ನಿಟ್ಟು, ಬೇರೊಂದು ದಿನ ಮತ್ತೆ ಕೇಳಬೇಕು.

ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿಯು ವಿವಾಹ ಮತ್ತು ಕುಟುಂಬದ ಹಕ್ಕಿನ ಜೊತೆಗೆ ವಯಸ್ಸಿಗೆ ತಕ್ಕ ಮಾಹಿತಿ ಪಡೆಯುವ ಹಕ್ಕನ್ನೂ ಗುರುತಿಸಿದೆ. ಶಾಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಹೇಳಿದರೆ ಕಲಿತದ್ದು ನಿಲ್ಲದು. ಆದ್ದರಿಂದ ವಿಶೇಷ ಶಾಲೆಗಳು ಈ ಪಾಠಕ್ಕೆ ವಾರಕ್ಕೊಂದು ಅವಧಿ ಮೀಸಲಿಟ್ಟು, ತರಗತಿಯಲ್ಲಿ ಬಳಸುವ ಚಿತ್ರಗಳ ಪ್ರತಿಯನ್ನು ಪೋಷಕರಿಗೂ ಕೊಡಲಿ.