ಸೊದೋಮ್ ಸಿಕ್ಕಿದ ಸುದ್ದಿ ಬಂತು, ಹಿಂಪಡೆದ ಸುದ್ದಿ ಏಕೆ ಬರಲಿಲ್ಲ?

ಮಾನ್ಯ ಸಂಪಾದಕರೇ,

2021ರ ಸೆಪ್ಟೆಂಬರ್‌ನಲ್ಲಿ ಒಂದು ಸುದ್ದಿ ಜಗತ್ತಿನ ತುಂಬ ಓಡಾಡಿತು. ಜೋರ್ಡಾನ್ ದೇಶದಲ್ಲಿ, ಮೃತ ಸಮುದ್ರದ ಹತ್ತಿರ, ತಲ್ ಎಲ್-ಹಮ್ಮಾಮ್ ಎಂಬ ದಿಬ್ಬವಿದೆ. ಅಲ್ಲಿದ್ದ ಊರು ಸುಮಾರು 3,600 ವರ್ಷಗಳ ಹಿಂದೆ ಆಕಾಶದಲ್ಲೇ ಸಿಡಿದ ಉಲ್ಕೆಯ ಬಿಸಿಗೆ ಸುಟ್ಟುಹೋಯಿತು, ದೇವರು ಆಕಾಶದಿಂದ ಬೆಂಕಿ ಸುರಿಸಿ ಸೊದೋಮ್ ಎಂಬ ಊರನ್ನು ನಾಶ ಮಾಡಿದ ಬೈಬಲ್ಲಿನ ಕಥೆಗೆ ಇದೇ ಮೂಲ ಇರಬಹುದು ಎಂಬುದು ಆ ಸುದ್ದಿ. ‘ಸೈಂಟಿಫಿಕ್ ರಿಪೋರ್ಟ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಲೇಖನವನ್ನು ನೋಡಿ ಎಲ್ಲರೂ ಬರೆದರು. ಆಮೇಲೆ ಆ ಲೇಖನದ ಕೆಲವು ಫೋಟೋಗಳನ್ನು ತಿದ್ದಿದ್ದು ಕಂಡುಬಂದು ತಿದ್ದುಪಡಿ ಹಾಕಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಪತ್ರಿಕೆ ಇಡೀ ಲೇಖನವನ್ನೇ ಹಿಂಪಡೆಯಿತು. ಊರು ಉಲ್ಕೆಯಿಂದ ಸುಟ್ಟಿತು ಎನ್ನಲು ಕೊಟ್ಟ ಆಧಾರ ಸಾಲದು ಎಂಬುದೇ ಕಾರಣ. ಈ ಎರಡನೇ ಸುದ್ದಿ ಕನ್ನಡದಲ್ಲಿ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ನಾನು ಬೆಟಗೇರಿಯವಳು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ಬಾಸೆಲ್ ಮಿಷನ್ ಕಾಲದಿಂದ ಬಂದ ನಮ್ಮ ಸಭೆಯಲ್ಲಿ ಈಗಲೂ ಸಂಡೇ ಸ್ಕೂಲ್ ನಡೆಸುತ್ತೇನೆ. ಸೊದೋಮ್ ಸಿಕ್ಕಿತೆಂಬ ವಿಡಿಯೊ ಇವತ್ತಿಗೂ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿದೆ. ಮಕ್ಕಳು ಬಂದು, “ಅಕ್ಕೋರೆ, ಸೊದೋಮ್ ಸಿಕ್ಕೈತಂತ, ಹೌದೇನ್ರಿ?” ಎಂದು ಕೇಳುತ್ತಾರೆ. ಇಲ್ಲ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಹಾಗಾದರೆ ಬೈಬಲ್ ಸುಳ್ಳೇ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಒಂದು ದಿಬ್ಬದ ಬೂದಿಯ ಮೇಲೆ ಮಗುವಿನ ನಂಬಿಕೆಯನ್ನು ಕಟ್ಟಿದರೆ ಹೀಗೇ ಆಗುತ್ತದೆ. ನನ್ನ ನಂಬಿಕೆ ಅಂಥ ಬೂದಿಯ ಮೇಲೆ ನಿಂತಿಲ್ಲ. ಅದಕ್ಕೇ ನನಗೆ ಈ ಶೋಧಗಳನ್ನು ಹೆದರಿಕೆಯಿಲ್ಲದೆ ಓದಲು ಆಗುತ್ತದೆ, ಮಕ್ಕಳಿಗೂ ಹಾಗೇ ಓದಿಸಬೇಕೆಂಬ ಆಸೆ.

ಪ್ಯಾಲೆಸ್ಟೀನಿನ ಹಳೇ ಊರು ಯೆರಿಕೋ ನೋಡಿ. ಬೈಬಲ್ಲಿನಲ್ಲಿ ಇಸ್ರೇಲರ ನಾಯಕನಾದ ಯೆಹೋಶುವನ ಜನ ಕೊಂಬು ಊದಿ ಆರ್ಭಟಿಸಿದಾಗ ಬಿದ್ದ ಗೋಡೆ ಇದೇ ಎಂದು 1930ರ ದಶಕದಲ್ಲಿ ಅಲ್ಲಿ ಅಗೆದ ಜಾನ್ ಗಾರ್‌ಸ್ಟಾಂಗ್ ಹೇಳಿದರು. ಆ ಕಾಲಕ್ಕೆ ದೊಡ್ಡ ಸುದ್ದಿ. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಎಂಬ ಹೆಣ್ಣುಮಗಳು ಅದೇ ದಿಬ್ಬವನ್ನು ಮತ್ತೆ ಅಗೆಸಿದರು. ಹಳೇ ಮನೆಯ ಗೋಡೆಯಲ್ಲಿ ಸುಣ್ಣದ ಮೇಲೆ ಸುಣ್ಣ ಕೂತಂತೆ ಮಣ್ಣಿನ ಪದರಗಳು ಕೂತಿರುತ್ತವೆ. ಒಂದೊಂದು ಪದರವನ್ನೂ ಅದರಲ್ಲಿನ ಗಡಿಗೆ ಚೂರುಗಳನ್ನೂ ಬೇರೆಬೇರೆ ಇಟ್ಟು ನೋಡಿದಾಗ, ಆ ಗೋಡೆ ಗಾರ್‌ಸ್ಟಾಂಗ್ ಹೇಳಿದ್ದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು ಎಂದು ಗೊತ್ತಾಯಿತು. ಆದರೆ ಅದೇ ದಿಬ್ಬದ ತಳದಲ್ಲಿ ಎಂಟು ಮೀಟರಿಗೂ ಎತ್ತರದ, ಸುಮಾರು 10,000 ವರ್ಷ ಹಳೆಯ ಕಲ್ಲಿನ ಗೋಪುರ ಸಿಕ್ಕಿತು! ಹುಡುಕಿದ್ದು ಒಂದು, ಕಂಡದ್ದು ಅದಕ್ಕಿಂತ ದೊಡ್ಡದು. 2023ರಲ್ಲಿ ಯುನೆಸ್ಕೊ ಆ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆನ್ಯನ್ ಪದರ ನೋಡುವುದನ್ನು ಕಲಿತದ್ದು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಜೊತೆ ಕೆಲಸ ಮಾಡುತ್ತ. ಅದೇ ವ್ಹೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದವರು. ಅಂದರೆ ಇದು ಎಲ್ಲೋ ದೂರದ ವಿದ್ಯೆ ಅಲ್ಲ.

ಬೈಬಲ್ಲಿನ ಮಾತಿಗೆ ಮಣ್ಣು ಸಾಕ್ಷಿ ಹೇಳಿದ್ದೂ ಉಂಟು, ಅದನ್ನೂ ಹೇಳಬೇಕು. ಈಗಿನ ಇಸ್ರೇಲಿನಲ್ಲಿರುವ ಲಾಕೀಷ್ ಪಟ್ಟಣಕ್ಕೆ ಅಶ್ಶೂರದ (ಈಗಿನ ಇರಾಕಿನ ಕಡೆಯ ಹಳೇ ರಾಜ್ಯ) ಅರಸ ಸನ್ಹೇರೀಬ ಮುತ್ತಿಗೆ ಹಾಕಿದ್ದು ಕ್ರಿ.ಪೂ. 701ರಲ್ಲಿ. ಬೈಬಲ್ಲಿನ ‘ಎರಡನೆಯ ಅರಸುಗಳು’ ಪುಸ್ತಕದ 18ನೆಯ ಅಧ್ಯಾಯದಲ್ಲಿ ಅವನು ಲಾಕೀಷಿನಲ್ಲಿದ್ದ ಮಾತು ಬರುತ್ತದೆ. ಅವನ ರಾಜಧಾನಿ ನಿನೆವೆಯ ಅರಮನೆಯ ಗೋಡೆಗಲ್ಲುಗಳ ಮೇಲೆ ಆ ಮುತ್ತಿಗೆಯ ಚಿತ್ರವನ್ನೇ ಕೆತ್ತಿದ್ದಾರೆ, ಊರಿನ ಹೆಸರೂ ಇದೆ. ಬ್ರಿಟಿಷ್ ಶೋಧಕ ಲೇಯಾರ್ಡ್ ಅಗೆದು ತೆಗೆದ ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಲಾಕೀಷ್ ದಿಬ್ಬದಲ್ಲಿ ಸೈನ್ಯ ಗೋಡೆ ಹತ್ತಲು ಹಾಕಿದ ಕಲ್ಲುಮಣ್ಣಿನ ಏರಿ, ಬಾಣದ ಮೊನೆಗಳು, ಸುಟ್ಟ ಪದರ ಎಲ್ಲ ಸಿಕ್ಕಿವೆ. ಇಷ್ಟಿದ್ದರೂ ಆ ಸುಟ್ಟ ಪದರ 701ರದ್ದೋ, ಅದಾಗಿ ಸುಮಾರು ನೂರು ವರ್ಷದ ಮೇಲೆ ನಡೆದ ಬಾಬೆಲಿನವರ (ಬ್ಯಾಬಿಲೋನಿನವರ) ದಾಳಿಯದ್ದೋ ಎಂದು ವಿದ್ವಾಂಸರು ಬಹಳ ಕಾಲ ವಾದಿಸಿದರು. ಅಲ್ಲಿ 1930ರ ದಶಕದಲ್ಲಿ ಅಗೆತ ಶುರುವಾಗಿತ್ತು. ಆ ತಂಡದಲ್ಲಿದ್ದ ಓಲ್ಗಾ ಟಫ್ನೆಲ್ 1953ರಲ್ಲಿ ಆ ಪದರ ಕ್ರಿ.ಪೂ. 701ರದ್ದು ಎಂದು ಬರೆದರು, ಹಲವರು ಒಪ್ಪಲಿಲ್ಲ. 1973ರಿಂದ ಇಸ್ರೇಲಿನ ಪುರಾತತ್ವಜ್ಞ ಡೇವಿಡ್ ಉಸಿಷ್ಕಿನ್ ಮತ್ತೆ ಅಗೆಸಿದ ಮೇಲೆಯೇ ಅದು ಗಟ್ಟಿಯಾಯಿತು. ಒಂದು ಪದರದ ತಾರೀಖಿಗೆ ಇಷ್ಟು ವರ್ಷ ಕಾದವರ ತಾಳ್ಮೆ ನೋಡಿದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ನಮ್ಮ ಮಕ್ಕಳಿಗೆ ಗೊತ್ತಾಗಬೇಕಾದದ್ದು ಈ ಕಥೆ. ಇದು ಯಾವ ವಿಡಿಯೊದಲ್ಲೂ ಬರುವುದಿಲ್ಲ.

ಇದು ಕ್ರೈಸ್ತರಿಗೆ ಮಾತ್ರ ಸಂಬಂಧಪಟ್ಟ ಮಾತು ಎಂದು ದಯವಿಟ್ಟು ತಿಳಿಯಬೇಡಿ. ಪಕ್ಕದ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಗೆ, 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದಾಗ ಹೊಸ ಶಿಲಾಯುಗದಿಂದ ಕಬ್ಬಿಣದ ಕಾಲಕ್ಕೆ ಜನ ಹೇಗೆ ದಾಟಿದರು ಎಂಬುದು ಪದರ ಪದರವಾಗಿ ಕಂಡಿತು. ಅಲ್ಲಿ ಸಿಕ್ಕ ಕೆಲವು ಮೂಳೆಗಳನ್ನು ಕೆ.ಆರ್. ಆಲೂರ ಕುದುರೆಯವು ಎಂದು ಗುರುತಿಸಿದರು. ಕುದುರೆ ಆರ್ಯರ ಜೊತೆ ಹೊರಗಿನಿಂದ ಬಂತು ಎಂಬ ಮಾತಿದ್ದುದರಿಂದ, ಅಷ್ಟು ಹಳೇ ಕಾಲಕ್ಕೆ ಇಲ್ಲಿ ಕುದುರೆ ಇತ್ತೇ ಎಂದು ಶುರುವಾದ ವಾದಕ್ಕೆ ಎಲ್ಲರೂ ತಮಗೆ ಬೇಕಾದ ಪುರಾಣವನ್ನು ತಂದು ಜೋಡಿಸಿದರು. ಅಲ್ಲಿನ ಜನ ಏನು ಬೆಳೆದರು, ಸತ್ತವರನ್ನು ಹೇಗೆ ಹೂಳಿದರು ಎಂದು ಕೇಳುವವರೇ ಕಡಿಮೆ. ಯಾವುದೇ ಧರ್ಮದ ಗ್ರಂಥವಾಗಲಿ, ಉತ್ತರ ಮೊದಲೇ ಇಟ್ಟುಕೊಂಡು ಗುದ್ದಲಿ ಹಿಡಿದರೆ ಬೇಡವಾದ ಪದರವನ್ನು ಬುಟ್ಟಿಗೆ ತುಂಬಿ ಎಸೆಯುತ್ತಾರೆ. ಎಸೆದದ್ದು ಮತ್ತೆ ಸಿಗುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ಇಂಥ ಸುದ್ದಿ ಹಾಕುವಾಗ ಅಗೆದವರು ಯಾರು, ಕಾಲವನ್ನು ಯಾವ ಆಧಾರದಿಂದ ಹೇಳಿದರು, ಬೇರೆ ವಿದ್ವಾಂಸರು ಒಪ್ಪಿದ್ದಾರಾ ಎಂಬುದನ್ನು ಎರಡು ಸಾಲಿನಲ್ಲಾದರೂ ಬರೆಯಿರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದಿ ಕಲಿಸುವವರಿದ್ದಾರೆ, ನಿಮ್ಮ ವರದಿಗಾರರು ಅವರನ್ನು ಒಂದು ಮಾತು ಕೇಳಲಿ. ಲೇಖನ ಹಿಂಪಡೆದರೆ, ಮೊದಲ ಸುದ್ದಿಗೆ ಕೊಟ್ಟಷ್ಟೇ ಜಾಗವನ್ನು ಅದಕ್ಕೂ ಕೊಡಿ. ತಲ್ ಎಲ್-ಹಮ್ಮಾಮ್‌ನಿಂದ ಶುರು ಮಾಡಿದರೆ ಒಳ್ಳೆಯದು. ಆ ಕಟಿಂಗನ್ನು ನಾನು ಸಂಡೇ ಸ್ಕೂಲಿನ ಮಕ್ಕಳಿಗೆ ಓದಿ ಹೇಳುತ್ತೇನೆ.

— ನಿವೃತ್ತ ಶಿಕ್ಷಕಿ, ಬೆಟಗೇರಿ, ಗದಗ