ದಿನಾ ತೂಕ ನೋಡಿ ಮಕ್ಕಳನ್ನು ಹೆದರಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ನನ್ನ ಮಗಳು ಹೋಗುವ ಜಿಮ್‌ನಲ್ಲಿ ದಿನಾ ಬೆಳಿಗ್ಗೆ ತೂಕ ನೋಡಿ ವಾಟ್ಸ್ಯಾಪ್ ಗ್ರೂಪಿಗೆ ಹಾಕಬೇಕು. ಜಾಸ್ತಿ ಬಂದರೆ ಎಲ್ಲರೆದುರು "ನಿನ್ನೆ ಏನು ತಿಂದೆ?" ಅಂತ ವಿಚಾರಣೆ. ಮದುವೆ ಊಟದ ಮರುದಿನ ಒಂದು ಕೆಜಿ ಏರಿತೆಂದು ಹುಡುಗಿಯರು ರಾತ್ರಿ ಊಟ ಬಿಡುತ್ತಾರೆ, ಕೆಲವರು ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾರೆ. ಮಂಗಳೂರಿನ ಈ ಸೆಕೆಯಲ್ಲಿ! ಇದನ್ನು ನೋಡಿ ಸುಮ್ನೆ ಇರಲು ಆಗಲಿಲ್ಲ.

ಒಂದು ಕೆಜಿ ಕೊಬ್ಬು ಅಂದರೆ ಹೆಚ್ಚುಕಡಿಮೆ 7,700 ಕ್ಯಾಲರಿ. ದೇಹಕ್ಕೆ ಬೇಕಾದ್ದಕ್ಕಿಂತ ಅಷ್ಟು ಜಾಸ್ತಿ ತಿನ್ನಬೇಕು. ಪಾಯಸ ಎರಡು ಸಲ ಹಾಕಿಸಿಕೊಂಡರೂ ಒಂದು ಊಟದಲ್ಲಿ ಅದು ಆಗುವ ಮಾತಲ್ಲ.

ಏರಿದ್ದು ಮುಖ್ಯವಾಗಿ ನೀರು. ಉಪ್ಪು ಜಾಸ್ತಿಯಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಮ್ಮಲ್ಲಂತೂ ಗಂಜಿಗೆ ಉಪ್ಪಿನಕಾಯಿ, ಒಣಮೀನು ಚಟ್ನಿ, ಮಳೆಗಾಲಕ್ಕೆ ಉಪ್ಪು ಸೊಳೆ, ಉಪ್ಪಿಗೇನೂ ಕೊರತೆ ಇಲ್ಲ ಅಲ್ವಾ. ಅನ್ನ, ದೋಸೆಯಿಂದ ಬಂದ ಸಕ್ಕರೆಯ ಒಂದು ಪಾಲು ಗ್ಲೈಕೋಜನ್ ಆಗಿ ಲಿವರ್ ಮತ್ತು ಸ್ನಾಯುಗಳಲ್ಲಿ ಕೂರುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಅನ್ನ ಬಿಟ್ಟ ಮೊದಲ ವಾರ ಬೇಗ ಬೇಗ ತೂಕ ಇಳಿಯುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಈ ನೀರೇ. ಅನ್ನ ತಿಂದರೆ ಮತ್ತೆ ವಾಪಸ್. ಕರುಳಿನಲ್ಲಿ ಇನ್ನೂ ಉಳಿದಿರುವ ಊಟಕ್ಕೂ ತೂಕ ಇದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಎಷ್ಟೋ ಹೆಂಗಸರಿಗೆ ತೂಕ ಏರುತ್ತದೆ. ಇದನ್ನೂ ಹುಡುಗಿಯರು ಗ್ರೂಪಿನಲ್ಲಿ ವಿವರಿಸಬೇಕಾ?

ಟ್ರೈನರ್‌ಗಳೇ, ದಯವಿಟ್ಟು ಇದನ್ನು ನಿಲ್ಲಿಸಿ. ದಿನಕ್ಕೆ ಒಂದೆರಡು ಕೆಜಿ ಹಿಂದೆ ಮುಂದೆ ಆಗುವುದು ಮಾಮೂಲು ಅಂತ ಮೊದಲ ದಿನವೇ ಹೇಳಿ. ತೂಕ ನೋಡಲೇಬೇಕಾದರೆ ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮುಂಚೆ, ಒಂದೇ ಯಂತ್ರದಲ್ಲಿ ನೋಡಲಿ. ಹೋಲಿಸುವುದಾದರೆ ಈ ವಾರದ ಸರಾಸರಿಯನ್ನು ಹಿಂದಿನ ವಾರಗಳ ಜೊತೆ ಹೋಲಿಸಿ.

ಹೃದಯದ ಪಂಪಿಂಗ್ ಕಡಿಮೆ ಇರುವವರ ವಿಷಯ ಮಾತ್ರ ಬೇರೆ. ಅವರಿಗೆ ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ, ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ಅಂಥವರು ಮನೆಯಲ್ಲಿದ್ದರೆ ದಿನಾ ತೂಕ ಬರೆದಿಡಿ.

ಇತಿ,
ಒಬ್ಬ ತಾಯಿ, ಕದ್ರಿ, ಮಂಗಳೂರು